ದುಬೈಯಲ್ಲಿ ನಿಂತ ಕಾರು ಮಂಗಳೂರಿನಲ್ಲೇಕೆ ನಿಲ್ಲುವುದಿಲ್ಲ?

ನಮ್ಮ ರಸ್ತೆಗಳಲ್ಲಿ ವಾಹನ ಓಡಿಸುವವರ ವರ್ತನೆಯ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಹೋದ ತಿಂಗಳು ಕೇಳಿಕೊಂಡಿದ್ದೆವು. ತಲಪಾಡಿಯಿಂದ ಬೈಂದೂರಿನವರೆಗಿನ ಓದುಗರು ಬರೆದಿದ್ದಾರೆ. ಬಂದ ಪತ್ರಗಳಲ್ಲಿ ಪ್ರಶ್ನೆಗಿಂತ ದೂರೇ ಹೆಚ್ಚು. ಕಾರಿನವರು ರಿಕ್ಷಾದವರನ್ನು, ರಿಕ್ಷಾದವರು ಬೈಕಿನ ಹುಡುಗರನ್ನು, ಎಲ್ಲರೂ ಸೇರಿ ಬಸ್ಸಿನವರನ್ನು ಬೈದಿದ್ದಾರೆ. ತನ್ನದೇ ತಪ್ಪನ್ನು ಬರೆದುಕೊಂಡವರು ಒಬ್ಬರು ಮಾತ್ರ. ಅವರ ಪತ್ರದಿಂದಲೇ ಆರಂಭಿಸುತ್ತೇನೆ. ಉತ್ತರಿಸುತ್ತಿರುವ ನಾನು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ರಸ್ತೆ ಮತ್ತು ಸಾರಿಗೆಯ ಪಾಠ ಹೇಳಿ ನಿವೃತ್ತನಾದವನು, ಈಗಲೂ ದಿನವೂ ಸ್ಕೂಟರ್ ಓಡಿಸುವವನು. ಹಾಗಾಗಿ ಪಾಠ ಮತ್ತು ಪಾಡು ಎರಡೂ ಇಲ್ಲಿ ಬೆರೆತಿರುತ್ತವೆ.

ಪ್ರಶ್ನೆ: ಹದಿನಾಲ್ಕು ವರ್ಷ ದುಬೈಯಲ್ಲಿ ಕಾರು ಓಡಿಸಿದೆ. ಒಮ್ಮೆಯೂ ಕೆಂಪು ದೀಪ ದಾಟಿದವನಲ್ಲ. ಊರಿಗೆ ಮರಳಿ ಎಂಟು ತಿಂಗಳಾಯಿತು. ಮೊನ್ನೆ ರಾತ್ರಿ ಹತ್ತೂವರೆಗೆ ಮಂಗಳೂರಿನ ಲಾಲ್‌ಬಾಗ್ ಸಿಗ್ನಲ್‌ನಲ್ಲಿ ಕೆಂಪು ಇರುವಾಗಲೇ ದಾಟಿಬಿಟ್ಟೆ. ಪಕ್ಕದಲ್ಲಿದ್ದ ಮಗಳು, “ಪಪ್ಪಾ, ಅಲ್ಲಿ ಹೀಗೆ ಮಾಡ್ತಿದ್ರಾ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಶಿಸ್ತು ನನ್ನಲ್ಲಿ ಇರಲೇ ಇಲ್ಲವೇ, ಅಥವಾ ಊರು ನನ್ನನ್ನು ಕೆಡಿಸಿತೇ?
— ಕೃಷ್ಣಾಪುರದ ಓದುಗರು

ಉತ್ತರ: ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕೆಂಪು ದೀಪ ದಾಟಿದರೆ 1,000 ದಿರಮ್ ದಂಡ, ಅಂದರೆ ನಮ್ಮ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ, ಅದರ ಜೊತೆಗೆ ಲೈಸೆನ್ಸಿನ ಮೇಲೆ 12 ಕಪ್ಪು ಅಂಕ ಮತ್ತು 30 ದಿನ ಕಾರು ಜಪ್ತಿ. 24 ಅಂಕ ತುಂಬಿದರೆ ಲೈಸೆನ್ಸೇ ಅಮಾನತಾಗುತ್ತದೆ. ಇದನ್ನು ಕೇಳಿದವರೆಲ್ಲ ‘ಅಲ್ಲಿ ದಂಡ ಜೋರು, ಅದಕ್ಕೇ ಹೆದರುತ್ತಾರೆ’ ಎಂದು ಮಾತು ಮುಗಿಸುತ್ತಾರೆ. ಆದರೆ ನಮ್ಮ ಕಾನೂನು ಕೂಡ ಕಾಗದದ ಮೇಲೆ ಸೌಮ್ಯವೇನಲ್ಲ. ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯು 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಾಗಿನಿಂದ ಕೆಂಪು ದೀಪ ದಾಟುವುದು 184ನೇ ಕಲಮಿನ ‘ಅಪಾಯಕಾರಿ ಚಾಲನೆ’ಯ ವ್ಯಾಪ್ತಿಗೆ ಸ್ಪಷ್ಟವಾಗಿ ಸೇರಿದೆ, ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿವರೆಗೆ ದಂಡ ವಿಧಿಸಬಹುದು, ಸೆರೆವಾಸಕ್ಕೂ ಅವಕಾಶವಿದೆ. ದುಬೈಯಲ್ಲಿ ನಿಮ್ಮನ್ನು ನಿಲ್ಲಿಸುತ್ತಿದ್ದದ್ದು ದಂಡದ ಮೊತ್ತಕ್ಕಿಂತ ಹೆಚ್ಚಾಗಿ, ದಾಟಿದರೆ ಕ್ಯಾಮೆರಾ ಬಿಡುವುದಿಲ್ಲ ಎಂಬ ಖಾತ್ರಿ. ಲಾಲ್‌ಬಾಗಿನಲ್ಲಿ ರಾತ್ರಿ ಹತ್ತೂವರೆಗೆ ಕೇಳುವವರು ಯಾರೂ ಇಲ್ಲ ಎಂಬುದೂ ನಿಮಗೆ ಅಷ್ಟೇ ಖಾತ್ರಿಯಿತ್ತು. ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದು ಎಂಬ ಖಚಿತತೆ ಎಂದು ಇಟಲಿಯ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದ. ನಾವು ಇನ್ನೂ ದಂಡದ ಮೊತ್ತವನ್ನೇ ಏರಿಸುವುದು, ಇಳಿಸುವುದು ಮಾಡುತ್ತಿದ್ದೇವೆ. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಹಣವೇನೋ ಹರಿದು ಬಂತು. ಆದರೆ ಕಾದು ಕುಳಿತರೆ ದಂಡವೂ ಆಷಾಢದ ಸೀರೆಯಂತೆ ಅಗ್ಗವಾಗುತ್ತದೆ ಎಂಬ ಪಾಠವನ್ನೂ ಜನ ಕಲಿತರು.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಉದಾಹರಣೆ ನ್ಯೂಯಾರ್ಕಿನದು. ವಿಶ್ವಸಂಸ್ಥೆಯ ಕಾರಣಕ್ಕೆ ಅಲ್ಲಿ ನೆಲೆಸಿರುವ ನೂರಕ್ಕೂ ಹೆಚ್ಚು ದೇಶಗಳ ರಾಜತಾಂತ್ರಿಕರು ವಿನಾಯಿತಿಯ ರಕ್ಷಣೆಯಿದ್ದುದರಿಂದ ಪಾರ್ಕಿಂಗ್ ದಂಡ ಕಟ್ಟಬೇಕಾಗಿರಲಿಲ್ಲ. 1997ರಿಂದ 2002ರ ನಡುವೆ ಅವರ ಹೆಸರಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಚೀಟಿಗಳು ಪಾವತಿಯಾಗದೆ ಉಳಿದಿದ್ದವು. ಅರ್ಥಶಾಸ್ತ್ರಜ್ಞರಾದ ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಆ ದಾಖಲೆಗಳನ್ನು ಜಾಲಾಡಿದಾಗ ಎರಡು ಸಂಗತಿಗಳು ಹೊರಬಿದ್ದವು. ಭ್ರಷ್ಟಾಚಾರ ಹೆಚ್ಚಿರುವ ದೇಶಗಳಿಂದ ಬಂದವರು ಹೆಚ್ಚು ತಪ್ಪು ಮಾಡಿದ್ದರು, ಅಂದರೆ ಊರಿನ ಅಭ್ಯಾಸ ಮನುಷ್ಯನ ಜೊತೆಗೇ ವಿಮಾನ ಹತ್ತುತ್ತದೆ ಎಂಬುದು ನಿಜ. ಆದರೆ 2002ರ ಕೊನೆಯಲ್ಲಿ, ದಂಡ ಉಳಿಸಿಕೊಂಡವರ ವಿಶೇಷ ನಂಬರ್ ಪ್ಲೇಟನ್ನು ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕ ಮೇಲೆ, ತಪ್ಪುಗಳು ನೂರಕ್ಕೆ ತೊಂಬತ್ತೆಂಟರಷ್ಟು ಇಳಿದುಹೋದವು. ಅದೇ ಜನ, ಅದೇ ಬೀದಿ. ಆದ್ದರಿಂದ ‘ನಮ್ಮವರ ರಕ್ತದಲ್ಲೇ ಶಿಸ್ತಿಲ್ಲ’ ಎಂದು ತಲೆಯಾಡಿಸುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಇಷ್ಟರಿಂದಲೂ ನಿಮ್ಮ ಪ್ರಶ್ನೆಗೆ ಪೂರ್ಣ ಉತ್ತರ ಸಿಗುವುದಿಲ್ಲ. ಸಂಜೆ ಯಾವುದಾದರೂ ಸಿಗ್ನಲ್ಲಿನ ಎದುರಿನ ಹೋಟೆಲಿನಲ್ಲಿ ಕಿಟಕಿಯ ಪಕ್ಕದ ಮೇಜು ಹಿಡಿದು, ಒಂದು ಚಾ ಮುಗಿಯುವ ತನಕ ನೋಡಿ. ಕೆಂಪು ಬಿದ್ದ ಕೂಡಲೇ ಎಲ್ಲರೂ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಒಬ್ಬ ಸ್ಕೂಟರಿನವನು ಕಾಲೂರಿ, ಬಿಳಿ ಗೆರೆಯಿಂದ ಒಂದಡಿ ಮುಂದೆ ಜರುಗುತ್ತಾನೆ. ಅವನ ಪಕ್ಕದವನು ಅವನಿಗಿಂತ ಅರ್ಧ ಅಡಿ ಮುಂದೆ. ಜೀಬ್ರಾ ಪಟ್ಟಿ ಅಷ್ಟರಲ್ಲಿ ಮುಚ್ಚಿಹೋಗಿರುತ್ತದೆ. ಹೆಂಗಸೊಬ್ಬರು ಚೀಲ ಹಿಡಿದು ಚಕ್ರಗಳ ನಡುವೆ ದಾರಿ ಹುಡುಕುತ್ತಾರೆ. ಅಂಕಿ ಮೂರಕ್ಕೆ ಇಳಿಯುವಾಗ ಹಿಂದಿನಿಂದ ಹಾರ್ನ್ ಶುರು, ಎರಡಕ್ಕೆ ಒಬ್ಬ ಹೊರಡುತ್ತಾನೆ, ಒಂದಕ್ಕೆ ಎಲ್ಲರೂ. ಆ ಗುಂಪಿನಲ್ಲಿ ‘ನಾನು ಈ ದಿನ ಕಾನೂನು ಮುರಿಯುತ್ತೇನೆ’ ಎಂದು ಮನೆಯಿಂದ ಹೊರಟವರು ಬಹುಶಃ ಯಾರೂ ಇಲ್ಲ. ಪ್ರತಿಯೊಬ್ಬನೂ ಪಕ್ಕದವನನ್ನು ನೋಡಿ ಅಳತೆ ತೆಗೆದುಕೊಂಡ, ಅಷ್ಟೆ. ನಾವು ಓಡಿಸುವಾಗ ಪಾಲಿಸುವುದು ಪುಸ್ತಕದ ನಿಯಮವನ್ನಲ್ಲ, ಎದುರಿನವನು ಏನು ಮಾಡಬಹುದು ಎಂಬ ನಮ್ಮ ಅಂದಾಜನ್ನು.

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಕೆಪಿಟಿ ಬಳಿ ಹಳದಿ ದೀಪಕ್ಕೆ ನಾನು ಸ್ಕೂಟರ್ ನಿಲ್ಲಿಸಿದೆ. ಹಿಂದಿನಿಂದ ಬಂದ ರಿಕ್ಷಾ ಡಿಕ್ಕಿ ಹೊಡೆದು ನಂಬರ್ ಪ್ಲೇಟ್ ಬಗ್ಗಿಹೋಯಿತು. ಚಾಲಕ ಜಗಳಕ್ಕೆ ಬರಲಿಲ್ಲ, ನಿಜವಾದ ಆಶ್ಚರ್ಯದಿಂದ, “ಎಂತ ಮಾರಾಯ್ರೆ, ಹಳದಿಗೆ ಯಾರಾದ್ರೂ ನಿಲ್ತಾರಾ?” ಎಂದು ಕೇಳಿದ. ಅವನ ಲೆಕ್ಕದಲ್ಲಿ ನಿಯಮ ಮುರಿದವನು ನಾನು. ದುಬೈಯಲ್ಲಿ ನೀವು ನಿಂತರೆ ಹಿಂದಿನವನೂ ನಿಲ್ಲುತ್ತಾನೆಂಬ ಭರವಸೆಯಿತ್ತು; ಇಲ್ಲಿ ನಿಲ್ಲುವುದೇ ಕೆಲವೊಮ್ಮೆ ಅಪಾಯ. ಹಾಗೆಂದು ನಿಲ್ಲದೆ ಹೋಗಿ ಎನ್ನುತ್ತಿಲ್ಲ. ಸಿಗ್ನಲ್ಲಿಗೆ ನೂರು ಮೀಟರ್ ಇರುವಾಗಲೇ ಕನ್ನಡಿ ನೋಡಿ, ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ ಹಿಂದಿನ ದೀಪ ಮಿನುಗಿಸಿ, ಆಮೇಲೆ ನಿಲ್ಲಿ. ಮಗಳಿಗೂ ಅದನ್ನೇ ಹೇಳಿಕೊಡಿ.

ಪ್ರಶ್ನೆ: ನಾನು ದಿನವೂ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. ಬಸ್ಸಿನವರ ರೇಸ್ ನೋಡಿದರೆ ಕಣ್ಣು ಮುಚ್ಚಿ ಕೂರಬೇಕೆನಿಸುತ್ತದೆ. ಅದೇ ಡ್ರೈವರ್ ಮನೆಯವರನ್ನು ಕೂರಿಸಿಕೊಂಡು ಕಾರಿನಲ್ಲಿ ಹೋಗುವಾಗ ಮೆಲ್ಲಗೆ ಓಡಿಸುವುದನ್ನು ಕಂಡಿದ್ದೇನೆ. ಇವರಿಗೆ ನಮ್ಮ ಜೀವ ಅಗ್ಗವೇ?
— ಕಟಪಾಡಿಯ ಓದುಗರು

ಉತ್ತರ: ಅಮ್ಮಾ, ಆ ಡ್ರೈವರ್ ಕಾರಿನಲ್ಲಿ ಮೆಲ್ಲಗೆ ಹೋಗುತ್ತಾರೆ ಎಂಬ ನಿಮ್ಮ ಒಂದು ಸಾಲೇ ಉತ್ತರದ ಮುಕ್ಕಾಲು ಪಾಲು. ವೇಗ ಆ ಮನುಷ್ಯನ ಸ್ವಭಾವವಾಗಿದ್ದರೆ ಕಾರಿನಲ್ಲೂ ಇರುತ್ತಿತ್ತು.

ಮುಂದಿನ ಸೀಟಿನಲ್ಲಿ ಕುಳಿತು ಗಮನಿಸಿ. ಡ್ರೈವರ್ ಮುಂದಿನ ರಸ್ತೆಯಷ್ಟೇ ಹೊತ್ತು ಬಲಗಡೆಯ ಕನ್ನಡಿಯನ್ನು ನೋಡುತ್ತಿರುತ್ತಾರೆ. ಹಿಂದಿನ ಬಸ್ಸು ಎಲ್ಲಿ ತಲುಪಿತು ಎಂಬುದು ಅವರಿಗೆ ಮುಖ್ಯ. ಮುಂಬಾಗಿಲಿನ ಮೆಟ್ಟಿಲಲ್ಲಿ ನೇತಾಡುವ ಕಂಡಕ್ಟರ್ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು “ರೈಟ್, ಪೋಯಿ” ಎನ್ನುವಾಗ ಇಳಿಯುವ ಅಜ್ಜಿಯ ಎರಡನೇ ಕಾಲು ಇನ್ನೂ ನೆಲ ಮುಟ್ಟಿರುವುದಿಲ್ಲ. ಇದರ ಹಿಂದಿನ ಲೆಕ್ಕ ಹೀಗಿದೆ. ಪರ್ಮಿಟ್ ಕೊಡುವಾಗ ಪ್ರತಿ ಬಸ್ಸಿಗೂ ಹೊರಡುವ ಸಮಯ ನಿಗದಿಯಾಗಿರುತ್ತದೆ. ಒಂದೇ ಮಾರ್ಗದಲ್ಲಿ ಬೇರೆ ಬೇರೆ ಮಾಲೀಕರ ಬಸ್ಸುಗಳು ಕೆಲವೇ ನಿಮಿಷಗಳ ಅಂತರದಲ್ಲಿ ಬರುತ್ತವೆ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ಲುಗಳಲ್ಲಿ ಕಾಯುತ್ತಿರುವ ಪ್ರಯಾಣಿಕ ಬಸ್ಸಿನ ಹೆಸರು ನೋಡಿ ಹತ್ತುವುದಿಲ್ಲ, ಮೊದಲು ಬಂದದ್ದಕ್ಕೆ ಹತ್ತುತ್ತಾನೆ. ಸಿಬ್ಬಂದಿಯ ದಿನದ ಗಳಿಕೆ ಆ ದಿನದ ಕಲೆಕ್ಷನ್ನಿಗೆ ಅಂಟಿಕೊಂಡಿದ್ದರೆ, ಮುಂದಿನ ಸ್ಟಾಪಿನಲ್ಲಿ ನಿಂತಿರುವ ಹತ್ತು ಜನ ಯಾರ ಬಸ್ಸಿಗೆ ಎಂಬುದು ಅವರ ಮನೆಯ ಅಕ್ಕಿಯ ಪ್ರಶ್ನೆಯಾಗುತ್ತದೆ. ತಡವಾಗಿ ಹೊರಟ ಬಸ್ಸು ಹಿಂದಿನದರ ಸಮಯವನ್ನು ತಿನ್ನುತ್ತದೆ, ಜಗಳ ನಿಲ್ದಾಣದಲ್ಲಿ ಬಾಯಿಯಿಂದ ಶುರುವಾಗಿ ಹೆದ್ದಾರಿಯಲ್ಲಿ ಚಕ್ರದಿಂದ ಮುಂದುವರಿಯುತ್ತದೆ.

ಪ್ರಯಾಣಿಕರಿಗೆ ಇದರಿಂದ ಸಿಗುವುದು ಎಷ್ಟು? ದೂರವನ್ನು ಸುಮಾರು 55 ಕಿಲೋಮೀಟರ್ ಎಂದು ಹಿಡಿಯೋಣ. ನಿಲುಗಡೆಗಳೂ ಸೇರಿ ಸರಾಸರಿ ಗಂಟೆಗೆ 50 ಕಿಲೋಮೀಟರಿನಂತೆ ಹೋದರೆ 66 ನಿಮಿಷ, 55ರಂತೆ ಹೋದರೆ 60 ನಿಮಿಷ. ಉಳಿಯುವುದು ಆರು ನಿಮಿಷ. ಸರಾಸರಿಯನ್ನು ಅಷ್ಟು ಏರಿಸಬೇಕಾದರೆ ನಡುನಡುವೆ 80, 90 ಮುಟ್ಟಲೇಬೇಕು. ಬಸ್ಸುಗಳಿಗೆ 80ರ ಮಿತಿಯ ವೇಗ ನಿಯಂತ್ರಕ ಇರಬೇಕೆಂದು ನಿಯಮವಿದ್ದರೂ ಅದರ ತಂತಿ ಎಲ್ಲಿ ಕಳಚಿಕೊಳ್ಳುತ್ತದೆ ಎಂಬುದು ಗ್ಯಾರೇಜಿನವರಿಗೆಲ್ಲ ಗೊತ್ತು. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಸಾವು ತರುವ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲೂ ನಮ್ಮದು ವರ್ಷದ ನಾಲ್ಕು ತಿಂಗಳು ಮಳೆ ಹೊಡೆಯುವ ಊರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಡ್ಡ ಬಂದ ದನವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 25 ಮೀಟರ್ ಕಳೆದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ಇನ್ನೊಂದು 20 ಮೀಟರಿನಲ್ಲಿ ಕಾರು ನಿಂತೀತು, ಒದ್ದೆ ರಸ್ತೆಯಲ್ಲಿ 35 ಮೀಟರಾದರೂ ಬೇಕು. ತುಂಬಿದ ಬಸ್ಸಿಗೆ ಅದಕ್ಕಿಂತಲೂ ಹೆಚ್ಚು.

ಈ ರೋಗ ನಮ್ಮದೊಂದೇ ಊರಿನದಲ್ಲ. ಕೊಲಂಬಿಯಾ ದೇಶದ ರಾಜಧಾನಿ ಬೊಗೋಟಾದಲ್ಲಿ ಟಿಕೆಟ್ಟಿನ ಲೆಕ್ಕದಲ್ಲಿ ಗಳಿಸುತ್ತಿದ್ದ ಬಸ್ಸುಗಳ ಪೈಪೋಟಿಗೆ ಜನ ‘ಕಾಸಿನ ಯುದ್ಧ’ ಎಂದೇ ಹೆಸರಿಟ್ಟಿದ್ದರು. 2000ದ ಡಿಸೆಂಬರಿನಲ್ಲಿ ಆರಂಭವಾದ ಅಲ್ಲಿನ ಟ್ರಾನ್ಸ್‌ಮಿಲೆನಿಯೋ ವ್ಯವಸ್ಥೆಯಲ್ಲಿ ಬಸ್ಸು ಓಡಿಸುವ ಕಂಪನಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಹಣ ಸಿಗುವಂತೆ ಮಾಡಲಾಯಿತು. ಹಿಂದಿನ ಬಸ್ಸಿನ ಪ್ರಯಾಣಿಕರನ್ನು ಕಸಿದುಕೊಂಡು ಲಾಭವಿಲ್ಲ ಎಂದಾದ ಮೇಲೆ ಕಸಿಯುವವರು ಯಾರು? ದೆಹಲಿಯಲ್ಲೂ ಬ್ಲೂಲೈನ್ ಎಂಬ ಖಾಸಗಿ ಬಸ್ಸುಗಳ ಕಾಟ ತಪ್ಪಿಸಲು ಕೊನೆಗೆ ಇದೇ ದಾರಿ ಹಿಡಿದರು. ನಮ್ಮ ಕರಾವಳಿಯ ಖಾಸಗಿ ಬಸ್ಸಿನ ಸೇವೆಯನ್ನು ನಾನು ಹೀಗಳೆಯುವವನಲ್ಲ. ಐದು ನಿಮಿಷಕ್ಕೊಂದು ಬಸ್ಸು, ಕೈ ಹಿಡಿದಲ್ಲಿ ನಿಲುಗಡೆ, ಇದನ್ನು ಘಟ್ಟದ ಮೇಲಿನ ನೆಂಟರಿಗೆ ಹೇಳಿದರೆ ನಂಬುವುದಿಲ್ಲ. ಆದರೆ ಒಂದು ಮಾರ್ಗದ ಮಾಲೀಕರೆಲ್ಲ ಕಲೆಕ್ಷನ್ನನ್ನು ಒಟ್ಟುಗೂಡಿಸಿ ಹಂಚಿಕೊಂಡು, ಸಿಬ್ಬಂದಿಗೆ ನಿಗದಿತ ಸಂಬಳ ಕೊಡುವ ತನಕ ಡ್ರೈವರಿಗೆ ಎಷ್ಟು ಉಪನ್ಯಾಸ ಕೊಟ್ಟರೂ ಬಲಗಡೆಯ ಕನ್ನಡಿಯಿಂದ ಅವರ ಕಣ್ಣು ಕದಲುವುದಿಲ್ಲ.

ಪ್ರಶ್ನೆ: ನಮ್ಮ ಮನೆ ಹೆದ್ದಾರಿಯ ಪಡುಬದಿಯಲ್ಲಿದೆ, ಹಾಲಿನ ಡೈರಿ ಮೂಡುಬದಿಯಲ್ಲಿ. ಚತುಷ್ಪಥವಾದ ಮೇಲೆ ಡಿವೈಡರಿನ ದಾರಿ ಮುಚ್ಚಿದ್ದಾರೆ. ನಿಯಮದ ಪ್ರಕಾರ ಹೋದರೆ ಒಂದೂವರೆ ಕಿಲೋಮೀಟರ್ ಸುತ್ತಬೇಕು. ರಾಂಗ್ ಸೈಡಿನಲ್ಲಿ ಹೋದರೆ ಇನ್ನೂರು ಮೀಟರ್. ಎಲ್ಲರೂ ಹೀಗೆಯೇ ಹೋಗುತ್ತಾರೆ. ಇದು ಅಷ್ಟು ದೊಡ್ಡ ತಪ್ಪೇ?
— ಬ್ರಹ್ಮಾವರದ ಓದುಗರು

ಉತ್ತರ: ತಪ್ಪು ಹೌದು, ಮತ್ತು ಅದರಲ್ಲಿ ನಿಮ್ಮ ಪಾಲು ಅರ್ಧ ಮಾತ್ರ. ರಾಷ್ಟ್ರೀಯ ಹೆದ್ದಾರಿ 66 ನಮ್ಮ ಊರುಗಳ ಹೊರಗಿನಿಂದ ಹೋಗಲಿಲ್ಲ, ಹೊಟ್ಟೆಯನ್ನೇ ಸೀಳಿಕೊಂಡು ಹೋಯಿತು. ಹಿಂದೆ ಹೆದ್ದಾರಿ 17 ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಅದು ಊರಿನ ಪೇಟೆಬೀದಿಯೂ ಆಗಿತ್ತು: ಈಚೆ ದೇವಸ್ಥಾನ, ಆಚೆ ಶಾಲೆ, ನಡುವೆ ಮೀನಿನ ಬುಟ್ಟಿ. ಅಗಲ ಮಾಡಿದವರು ಕಾಸರಗೋಡಿನಿಂದ ಗೋವಾಕ್ಕೆ ಹೋಗುವ ಲಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡರು, ಡೈರಿಗೆ ಹೋಗುವ ನಿಮ್ಮನ್ನಲ್ಲ. ಸರ್ವಿಸ್ ರಸ್ತೆ ಅಲ್ಲಲ್ಲಿ ಇದೆ, ಅಲ್ಲಲ್ಲಿ ಇಲ್ಲ. ಇದ್ದಲ್ಲಿಯೂ ಮಳೆಗಾಲದಲ್ಲಿ ಚರಂಡಿ ಯಾವುದು, ರಸ್ತೆ ಯಾವುದು ಎಂದು ತಿಳಿಯುವುದಿಲ್ಲ. ಮನುಷ್ಯ ನಡೆಯುವಾಗ ಹೇಗೆ ಗದ್ದೆಯ ಅಂಚು ಬಿಟ್ಟು ಅಡ್ಡದಾರಿ ಹಿಡಿಯುತ್ತಾನೋ ಹಾಗೆಯೇ ಸ್ಕೂಟರೂ ಹತ್ತಿರದ ದಾರಿಯನ್ನೇ ಹುಡುಕುತ್ತದೆ. ಒಂದು ಜಾಗದಲ್ಲಿ ಒಬ್ಬಿಬ್ಬರು ರಾಂಗ್ ಸೈಡಿನಲ್ಲಿ ಬಂದರೆ ಅವರನ್ನು ದೂರಬಹುದು. ಊರಿಗೆ ಊರೇ ಬಂದರೆ ನಕ್ಷೆ ಬಿಡಿಸಿದವರನ್ನು ಕೇಳಬೇಕು. ಪಾಠ ಹೇಳುವಾಗಲೂ ನಾನು ಹುಡುಗರಿಗೆ ಇದನ್ನೇ ಹೇಳುತ್ತಿದ್ದೆ.

ಆದರೆ ಕಾರಣ ಸರಿಯಿದೆ ಎಂದಮಾತ್ರಕ್ಕೆ ಲಾರಿ ನಿಲ್ಲುವುದಿಲ್ಲ. ನೀವು ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುತ್ತಿದ್ದೀರಿ, ಎದುರಿನಿಂದ ಬಸ್ಸು 80ರಲ್ಲಿ ಬರುತ್ತಿದೆ ಎಂದುಕೊಳ್ಳಿ. ನಿಮ್ಮಿಬ್ಬರ ನಡುವಿನ ಅಂತರ ಸೆಕೆಂಡಿಗೆ 30 ಮೀಟರಿನಂತೆ ಕರಗುತ್ತದೆ. ರಾತ್ರಿ ಡಿಮ್ ಲೈಟಿನಲ್ಲಿ ಬಸ್ಸಿನ ಡ್ರೈವರಿಗೆ ನಿಮ್ಮ ಆಕೃತಿ ಕಾಣುವುದು ಐವತ್ತು ಮೀಟರ್ ದೂರದಲ್ಲಿ. ಅಲ್ಲಿಂದ ಎರಡು ಸೆಕೆಂಡೂ ಉಳಿದಿಲ್ಲ. ಹೆದ್ದಾರಿಗೆ ಬಂದು ಸೇರುವ ಅಡ್ಡರಸ್ತೆಯವನಂತೂ ಬಲಗಡೆ ಮಾತ್ರ ನೋಡಿ ನುಗ್ಗುತ್ತಾನೆ, ಎಡಗಡೆಯಿಂದ ಯಾರೂ ಬರಲಾರರು ಎಂಬ ನಂಬಿಕೆಯಿಂದ. ನೀವು ಬರುವುದೇ ಅಲ್ಲಿಂದ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ದೇಶದಲ್ಲಿ ಆ ವರ್ಷ 1,68,491 ಮಂದಿ ರಸ್ತೆಯಲ್ಲಿ ಸತ್ತರು. ಅವರಲ್ಲಿ ಸುಮಾರು ನೂರಕ್ಕೆ ಐವರ ಸಾವಿಗೆ ತಪ್ಪು ಬದಿಯ ಚಾಲನೆ ಕಾರಣವೆಂದು ದಾಖಲಾಗಿದೆ. ಅತಿವೇಗಕ್ಕೆ ನೂರಕ್ಕೆ 71 ಸಾವುಗಳನ್ನು ಹಚ್ಚಿದ್ದಾರೆ, ಆ ಅಂಕಿಯನ್ನು ಮಾತ್ರ ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ರಸ್ತೆಯ ತಿರುವು ತಪ್ಪಾಗಿತ್ತು, ದೀಪ ಉರಿಯುತ್ತಿರಲಿಲ್ಲ ಎಂದು ಬರೆಯುವುದಕ್ಕಿಂತ ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಬರೆಯುವುದು ಸುಲಭ.

ಹಾಲಿನ ವಿಷಯಕ್ಕೆ ಬರುವುದಾದರೆ, ಸ್ಕೂಟರಿನಿಂದ ಇಳಿದು, ಎಂಜಿನ್ ಆರಿಸಿ, ಡಾಂಬರಿನಿಂದ ಆಚೆ ಮಣ್ಣಿನ ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ಇನ್ನೂರು ಮೀಟರಿಗೆ ಮೂರು ನಿಮಿಷ ಸಾಕು. ಜೊತೆಗೆ ಪಂಚಾಯತಿನವರು ಸೇರಿ ಕಾಲ್ದಾರಿಗೋ ಅಂಡರ್‌ಪಾಸಿಗೋ ಬರೆಯಿರಿ. ಅದು ಬರಲು ಎಷ್ಟು ಕಾಲ ಹಿಡಿಯಬಹುದು ಎಂಬುದನ್ನು, 2020ರಲ್ಲಿ ಕೊನೆಗೂ ತೆರೆದ ಪಂಪ್‌ವೆಲ್ ಮೇಲ್ಸೇತುವೆಗಾಗಿ ವರ್ಷಗಟ್ಟಲೆ ಕಾದ ನಾನು ಹೇಳಲಾರೆ.

ಪ್ರಶ್ನೆ: ಸಿಗ್ನಲ್ ಇಲ್ಲದ ವೃತ್ತದಲ್ಲಿ ಮೊದಲು ಹೋಗುವ ಹಕ್ಕು ಯಾರದು? ಕದ್ರಿ ಕಡೆಯ ಇಳಿಜಾರಿನ ಕಿರಿದಾದ ರಸ್ತೆಗಳಲ್ಲಿ ಎದುರುಬದುರಾದರೆ ಯಾರು ಹಿಂದೆ ಸರಿಯಬೇಕು?
— ಬಿಜೈಯ ಓದುಗರು

ಉತ್ತರ: 2017ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿ ಎರಡಕ್ಕೂ ಉತ್ತರವಿದೆ. ಈಗಾಗಲೇ ವೃತ್ತದೊಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು. ಹೊರಗಿನಿಂದ ಬರುವವರು ಕಾಯಬೇಕು. ಕಡಿದಾದ, ಕಿರಿದಾದ ರಸ್ತೆಯಲ್ಲಿ ಏರುತ್ತಿರುವ ವಾಹನಕ್ಕೆ ಇಳಿಯುತ್ತಿರುವವರು ದಾರಿ ಬಿಡಬೇಕು. ಗುಡ್ಡದ ಮೇಲೆ ಕಟ್ಟಿದ ನಮ್ಮ ಊರಿನಲ್ಲಿ ಎರಡನೆಯ ನಿಯಮವನ್ನು ಹೆಚ್ಚಿನವರು ಕೇಳಿಯೇ ಇಲ್ಲ. ಮೊದಲನೆಯದನ್ನು ಕೇಳಿದವರೂ ಪಾಲಿಸುವುದಿಲ್ಲ, ಏಕೆಂದರೆ ಇಲ್ಲಿ ದೊಡ್ಡ ವಾಹನಕ್ಕೆ ಮೊದಲ ಹಕ್ಕು, ಹಾರ್ನ್ ಗಟ್ಟಿಯಿರುವವರಿಗೆ ಎರಡನೆಯದು. ನಿಯಮ ಮುರಿಯುವುದು ಬೇರೆ, ಗೊತ್ತೇ ಇಲ್ಲದಿರುವುದು ಬೇರೆ. ಎಂಟು ಬರೆದು, ಹಿಂದೆ ಮುಂದೆ ಓಡಿಸಿ ತೋರಿಸಿದರೆ ಲೈಸೆನ್ಸ್ ಸಿಗುವ ಊರಿನಲ್ಲಿ ಎರಡನೆಯ ವರ್ಗದವರೇ ಹೆಚ್ಚು ಎಂದು ನನ್ನ ಅನುಮಾನ.

ಪ್ರಶ್ನೆ: ವೃತ್ತದಲ್ಲಿ ನೇರವಾಗಿ ಹೋಗುವವರು ನಾಲ್ಕೂ ಇಂಡಿಕೇಟರ್ ಹಾಕಬೇಕೆಂದು ನನ್ನ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟರು. ಸರಿಯೇ?
— ಮಣಿಪಾಲದ ವಿದ್ಯಾರ್ಥಿನಿ

ಉತ್ತರ: ತಪ್ಪು. ನಾಲ್ಕೂ ದೀಪ ಮಿನುಗಿದರೆ ‘ನನ್ನ ವಾಹನ ಕೆಟ್ಟು ನಿಂತಿದೆ, ಎಚ್ಚರ’ ಎಂದು ಅರ್ಥ. ನಿಮ್ಮ ಎಡಬದಿಯಲ್ಲಿರುವವನಿಗೆ ಎಡದ ದೀಪ ಮಾತ್ರ ಕಾಣುತ್ತದೆ, ನೀವು ಎಡಕ್ಕೆ ತಿರುಗುತ್ತೀರಿ ಎಂದುಕೊಂಡು ಅವನು ಮುನ್ನುಗ್ಗುತ್ತಾನೆ. ನೇರ ಹೋಗುವವರು ವೃತ್ತವನ್ನು ಸೇರುವಾಗ ಯಾವ ದೀಪವನ್ನೂ ಹಾಕಬೇಕಾಗಿಲ್ಲ, ವೃತ್ತದಿಂದ ಹೊರಬೀಳುವಾಗ ಎಡದ ದೀಪ ಹಾಕಿದರೆ ಸಾಕು. ಜೋರು ಮಳೆಯಲ್ಲಿ ಓಡುತ್ತಲೇ ನಾಲ್ಕೂ ದೀಪ ಹಾಕುವವರಿಗೂ ಇದೇ ಮಾತು. ಅವರು ಪಥ ಬದಲಿಸುವಾಗ ಹಿಂದಿನವನಿಗೆ ತಿಳಿಸುವ ದಾರಿಯೇ ಉಳಿದಿರುವುದಿಲ್ಲ.

ಪ್ರಶ್ನೆ: ಮಗನಿಗೆ ಹದಿನಾರು ತುಂಬಿದೆ. ಟ್ಯೂಷನ್ನಿಗೆ ಪರ್ಕಳದಿಂದ ಉಡುಪಿಗೆ ಹೋಗಬೇಕು. ಸ್ಕೂಟರ್ ಚೆನ್ನಾಗಿ ಓಡಿಸುತ್ತಾನೆ, ನಾನೇ ಹಿಂದೆ ಕುಳಿತು ನೋಡಿದ್ದೇನೆ. ಅವನ ತರಗತಿಯ ಎಲ್ಲರೂ ತರುತ್ತಾರೆ. ಕಳುಹಿಸಬಹುದೇ?
— ಪರ್ಕಳದ ತಾಯಿಯೊಬ್ಬರು

ಉತ್ತರ: ಬೇಡ. 18 ತುಂಬುವ ಮೊದಲು, 16ರಿಂದ, ಗೇರಿಲ್ಲದ 50 ಸಿಸಿವರೆಗಿನ ವಾಹನಕ್ಕೆ ಮಾತ್ರ ಲೈಸೆನ್ಸ್ ಸಿಗುತ್ತದೆ. ನಿಮ್ಮ ಮನೆಯಲ್ಲಿರುವುದು ನೂರು ಸಿಸಿ ದಾಟಿದ ಸ್ಕೂಟರೇ ಇರಬೇಕು. ಕಾಯ್ದೆಯ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಸಿನವನು ಅಪರಾಧ ಮಾಡಿ ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಯಾರಿಗಾದರೂ ಪೆಟ್ಟಾದರೆ ವಿಮಾ ಕಂಪನಿ ಪರಿಹಾರ ಕೊಟ್ಟರೂ ಅದನ್ನು ನಿಮ್ಮಿಂದ ವಸೂಲು ಮಾಡಬಹುದು.

‘ಚೆನ್ನಾಗಿ ಓಡಿಸುತ್ತಾನೆ’ ಎಂಬುದರ ಬಗ್ಗೆ ಒಂದು ಮಾತು. ಸ್ವೀಡನ್ನಿನ ಓಲಾ ಸ್ವೆನ್ಸನ್ ಎಂಬ ಮನೋವಿಜ್ಞಾನಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಾಲನೆಯ ಕೌಶಲದಲ್ಲಿ ತಾವು ಗುಂಪಿನ ಮೇಲಿನ ಅರ್ಧಕ್ಕೆ ಸೇರಿದವರೆಂದು ಅಮೆರಿಕದವರಲ್ಲಿ ನೂರಕ್ಕೆ 93, ಸ್ವೀಡನ್ನಿನವರಲ್ಲಿ 69 ಮಂದಿ ಹೇಳಿಕೊಂಡಿದ್ದರು. ಲೆಕ್ಕದ ಪ್ರಕಾರ ಐವತ್ತಕ್ಕಿಂತ ಹೆಚ್ಚು ಮಂದಿ ಹಾಗಿರುವುದು ಸಾಧ್ಯವೇ ಇಲ್ಲ. ವಯಸ್ಕರ ಪಾಡೇ ಹೀಗಿರುವಾಗ ಹದಿನಾರರ ಹುಡುಗನ ಆತ್ಮವಿಶ್ವಾಸ ಎಷ್ಟಿರಬಹುದು! ನೀವು ಹಿಂದೆ ಕುಳಿತಾಗ ಅವನು ಓಡಿಸಿದ್ದು ಅಮ್ಮನಿಗಾಗಿ. ಗೆಳೆಯ ಕುಳಿತಾಗ ಓಡಿಸುವುದೇ ಬೇರೆ. ಪರ್ಕಳದಿಂದ ಬಸ್ಸುಗಳಿಗೆ ಬರವಿಲ್ಲ. ಇನ್ನೆರಡು ವರ್ಷ ಕಳುಹಿಸಿ.

ಪ್ರಶ್ನೆ: ಎಲ್ಲರೂ ಬಸ್ಸಿನವರಿಗೇ ಬೈಯುವುದು. ನಾನು ಇಪ್ಪತ್ತೆರಡು ವರ್ಷದಿಂದ ಸಿಟಿ ಬಸ್ ಓಡಿಸುತ್ತೇನೆ. ಸ್ಟಾಪಿನ ಜಾಗದಲ್ಲಿ ಕಾರು ನಿಲ್ಲಿಸಿರುತ್ತಾರೆ, ರಸ್ತೆಯಲ್ಲಿ ನಿಲ್ಲಿಸಿದರೆ ನನಗೆ ಕೇಸ್. ಜನ ಇಳಿಯುವಾಗ ಎಡಗಡೆಯ ಸಂದಿಯಲ್ಲಿ ಬೈಕ್ ನುಗ್ಗಿಸುತ್ತಾರೆ. ಯಾರಿಗಾದರೂ ತಾಗಿದರೆ ಹೆಸರು ಬಸ್ಸಿನದ್ದು. ನಾನು ಏನು ಮಾಡಬೇಕು ನೀವೇ ಹೇಳಿ.
— ಮಂಗಳೂರಿನ ಬಸ್ ಚಾಲಕರು

ಉತ್ತರ: ನಿಮ್ಮ ಮಾತು ನಿಜ, ಮತ್ತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಸ್ಸಿನ ಸ್ಟೀರಿಂಗ್ ಹಿಡಿದವರಿಂದ ಬಂದದ್ದು ಇದೊಂದೇ. ಹ್ಯಾಂಡಲ್ ಹಿಡಿದವರಿಗೆ ತಮ್ಮ ತಪ್ಪು ಅವಸರವಾಗಿ ಕಾಣುತ್ತದೆ, ನಿಮ್ಮ ತಪ್ಪು ಅಹಂಕಾರವಾಗಿ ಕಾಣುತ್ತದೆ. ಕಾರಣ, ಅವರ ಕಷ್ಟ ಅವರಿಗೆ ಗೊತ್ತು, ನಿಮ್ಮ ಸೀಟಿನಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಗೊತ್ತಿಲ್ಲ. ಬಸ್ಸಿನ ಎಡಬದಿಯಲ್ಲಿ, ಮುಂಬಾಗಿಲಿನ ಪಕ್ಕಕ್ಕೆ ಹೊಂದಿಕೊಂಡು ನಿಂತ ಸ್ಕೂಟರ್ ಕನ್ನಡಿಗೆ ಬೀಳದ ಜಾಗವೊಂದಿದೆ ಎಂಬುದನ್ನು ನಾನು ವಿದ್ಯಾರ್ಥಿಗಳನ್ನು ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂರಿಸಿ ತೋರಿಸುತ್ತಿದ್ದೆ. ಕೆಳಗೆ ನಿಂತ ಗೆಳೆಯ ಕಾಣೆಯಾದಾಗ ಅವರು ಬೆಚ್ಚುತ್ತಿದ್ದರು.

ಕಾರುಗಳನ್ನು ಎಬ್ಬಿಸುವುದು ಪೊಲೀಸರ ಕೆಲಸ. ಅದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಬಸ್ಸನ್ನು ಎಷ್ಟು ಅಂಚಿಗೆ ನಿಲ್ಲಿಸುತ್ತೀರಿ ಎಂಬುದು. ಫುಟ್‌ಪಾತಿಗೂ ಮೆಟ್ಟಿಲಿಗೂ ಒಂದಡಿ ಬಿಟ್ಟರೆ ಯಾವ ಬೈಕೂ ನುಗ್ಗದು; ನಾಲ್ಕಡಿ ಬಿಟ್ಟರೆ ಬೈಕಿನವರಿಗೆಂದೇ ಒಂದು ದಾರಿ ಮಾಡಿಕೊಟ್ಟಂತಾಯಿತು. ಅಂಚಿಗೆ ಹೋಗಲು ಜಾಗವೇ ಇಲ್ಲದಾಗ ಕಂಡಕ್ಟರ್ ಮೊದಲು ತಾನಿಳಿದು, ಹಿಂದಕ್ಕೆ ನೋಡಿ, ಕೈ ಅಡ್ಡ ಹಿಡಿದು, ಆಮೇಲೆ ಜನರನ್ನು ಇಳಿಸಲಿ. ಹತ್ತು ಸೆಕೆಂಡ್ ಹೋಗುತ್ತದೆ, ಹಿಂದಿನ ಬಸ್ಸು ಅಷ್ಟು ಹತ್ತಿರ ಬರುತ್ತದೆ, ಅದೂ ನನಗೆ ಗೊತ್ತು. ಆದರೂ ಹಾಗೆ ಕೈ ಅಡ್ಡ ಹಿಡಿದ ಕಂಡಕ್ಟರೊಬ್ಬರನ್ನು ಕಂಕನಾಡಿಯಲ್ಲಿ ಕಂಡಿದ್ದೇನೆ. ಅವರ ಕೈಗೆ ಗೇಣು ದೂರದಲ್ಲಿ ಬ್ರೇಕ್ ಒತ್ತಿ ನಿಂತ ಸ್ಕೂಟರ್ ನನ್ನದೇ ಆಗಿತ್ತು.